ತುಮಕೂರಿಂದ ಹೋಗಿ ಒಂದೇ ದಿನದಲ್ಲಿ ಬೆಂಗಳೂರಿನ ಹಳೇ ಕಟ್ಟಡ, ಪ್ರತಿಮೆ ನೋಡಿದವರು ಇದ್ದೀರಾ?

ಶಿರಾ ಗೇಟ್: ಈ ಭಾನುವಾರ ಅಮ್ಮ, ಮಗಳ ಜೊತೆ ಹೋಗೋಣ ಅಂತಿದ್ದೇನೆ. ಮಗಳಿಗೆ ಚಿತ್ರ ಬಿಡಿಸುವ ಹುಚ್ಚು. ಮಾಲ್ ಬೇಡ. ಕಟ್ಟಡ, ಪ್ರತಿಮೆ, ಗೋಡೆ ಚಿತ್ರ ನೋಡಬೇಕು. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯೋಕೆ ಆಗಲ್ಲ. ಹೋಗಿ ಬಂದವರು ನಿಮ್ಮ ಅನುಭವ ಹೇಳಿ.

ತುರುವೇಕೆರೆ ಕಲ್ಲು: ಮೊದಲು ವಿಧಾನಸೌಧ, ಉಳಿದದ್ದು ಆಮೇಲೆ. 1951ರಲ್ಲಿ ಅಡಿಗಲ್ಲು ಬಿತ್ತು, 1956ರಲ್ಲಿ ಮುಗಿಯಿತು. ಕೆಂಗಲ್ ಹನುಮಂತಯ್ಯನವರ ಹಠ ಇಲ್ಲದಿದ್ದರೆ ಅದು ಏಳುತ್ತಲೇ ಇರಲಿಲ್ಲ. ಅಲಂಕಾರಕ್ಕೆ ಬಳಸಿದ ಕಪ್ಪು ಕಲ್ಲು ನಮ್ಮ ತುರುವೇಕೆರೆಯದು, ಗುಲಾಬಿ ಕಲ್ಲು ಮಾಗಡಿಯದು. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದವರಿಗೆ ಹೇಳಿದೆ. ಯಾರೂ ತಲೆ ಎತ್ತಿ ನೋಡಲಿಲ್ಲ. ಹೊಟ್ಟೆ ಉರಿಯಿತು.

ಖರ್ಚಿನ ವಿಷಯ ಕೇಳಿ. ಬಸ್ಸಲ್ಲಿ ಮಾದಾವರಕ್ಕೆ ಹೋಗಿ ಮೆಟ್ರೋ ಹತ್ತಿದೆವು. ತಲೆಗೆ 70ರ ಹತ್ತಿರ. ನಾಲ್ಕು ಜನ, ಹೋಗಿ ಬರೋಕೆ ಮೆಟ್ರೋಗೇ 560 ಆಯ್ತು! ಬಸ್ ಚಾರ್ಜ್ ಬೇರೆ. ನೆಲಮಂಗಲದ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿದ್ದು ಬೇರೆ. ರೈಲು ಅಗ್ಗ ನಿಜ. ಆದರೆ ಪಾಸಿನವರು ಸೀಟು ಬಿಡಬೇಕಲ್ಲ.

ಗುಬ್ಬಿ ಪಾಸ್: ಸ್ವಾಮಿ, ಭಾನುವಾರ ಪಾಸಿನವರು ಎಲ್ಲಿರುತ್ತಾರೆ? ವಾರವೆಲ್ಲ ನಿಂತುಕೊಂಡೇ ಹೋಗಿ ದುಡಿಯುವವರು ನಾವು. 560 ನಿಮ್ಮ ಇಷ್ಟ, ನಮ್ಮ ಮೇಲೆ ಹಾಕಬೇಡಿ.

ಬಂಗಾರಪೇಟೆ ಅಕ್ಕ: ವಿಧಾನಸೌಧವನ್ನು ಬೇಲಿ ಆಚೆ ನಿಂತು ನೋಡಿ ಬರೋದು ನೋಡೋದಾ? ನಾನು ಟಿಪ್ಪು ಬೇಸಿಗೆ ಅರಮನೆಗೆ ಹೋಗಿದ್ದೆ, ಕೆ.ಆರ್. ಮಾರ್ಕೆಟ್ ಹತ್ತಿರ. ಪೂರ್ತಿ ತೇಗದ ಕಂಬಗಳು, ಕಲ್ಲಿನ ಪೀಠಗಳ ಮೇಲೆ ನಿಂತಿವೆ. ಶುರು ಮಾಡಿದ್ದು ಹೈದರಾಲಿ, 1791ರಲ್ಲಿ ಮುಗಿಸಿದ್ದು ಮಗ. ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ, ಅದೂ ಗೊತ್ತಿರಲಿ. ಗೋಡೆಯ ಬಣ್ಣ ಬಹಳಷ್ಟು ಮಾಸಿದೆ. ಉಳಿದಿರುವ ಹೂಬಳ್ಳಿ ನೋಡುತ್ತಾ ನಿಂತರೆ ಕಾಲು ಕೀಳೋಕೆ ಮನಸ್ಸು ಬರಲ್ಲ. ಪಕ್ಕದಲ್ಲೇ ಕೋಟೆ ವೆಂಕಟರಮಣ ಗುಡಿ, ಅರಮನೆಗಿಂತ ನೂರು ವರ್ಷ ಹಳೆಯದು.

ಅಲ್ಲಿಂದ ಅರಮನೆ ರಸ್ತೆಯ ಆಧುನಿಕ ಕಲಾ ಗ್ಯಾಲರಿಗೆ ಆಟೋ ಹಿಡಿದೆ. ಮಾಣಿಕ್ಯವೇಲು ಮ್ಯಾನ್ಷನ್ ಅಂತ ಹಳೇ ಬಂಗಲೆ, 2009ರಿಂದ ಗ್ಯಾಲರಿ. ಆಟೋದವನು ಮೀಟರ್ ಹಾಕದೆ 280 ಕೇಳಿದ. ಚೌಕಾಸಿ ಮಾಡಿ 220 ಕೊಟ್ಟೆ. ಇಳಿಯುವಾಗ ಚಿಲ್ಲರೆ ಇಲ್ಲ ಅಂತ ಮತ್ತೆ 30 ಉಳಿಸಿಕೊಂಡ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತೆ. ಸೋಮವಾರ ಗ್ಯಾಲರಿಗೆ ರಜ, ಅಪ್ಪಿತಪ್ಪಿಯೂ ಹೋಗಬೇಡಿ.

ತುರುವೇಕೆರೆ ಕಲ್ಲು: ಬೇಲಿ ಆಚೆ ಅಂತೆ! ಈಗ ಭಾನುವಾರ ಟಿಕೆಟ್ ತಗೊಂಡು ಒಳಗೆ ಹೋಗಬಹುದು ಅಕ್ಕ, ಗೈಡ್ ಕರೆದುಕೊಂಡು ಹೋಗುತ್ತಾರೆ. ತಿಳಿದುಕೊಂಡು ಮಾತಾಡಿ.

ಬಂಗಾರಪೇಟೆ ಅಕ್ಕ: ನಾನು ಹೋದಾಗ ಆ ವ್ಯವಸ್ಥೆ ಇರಲಿಲ್ಲ. ಏರಿಸಿ ಮಾತಾಡಬೇಡಿ.

ನಂದಿ ಕ್ರಾಸ್: ಪ್ರತಿಮೆ ಅಂದರೆ ವಿಮಾನ ನಿಲ್ದಾಣದ ಕೆಂಪೇಗೌಡರು. 108 ಅಡಿ, 2022ರಲ್ಲಿ ನಿಂತದ್ದು. ಕೆಂಪೇಗೌಡರ ಮೂಲ ಆವತಿ, ಅದು ನಮ್ಮ ದಾರಿಯಲ್ಲೇ ಇದೆ. ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದೆ, ಕೈ ಮುಗಿದರು. ಕಾರ್ ಪಾರ್ಕಿಂಗ್‌ಗೆ ಕೊಟ್ಟ ದುಡ್ಡು ಕೇಳಬೇಡಿ, ಅದಕ್ಕೇ ಬೇರೆ ಲೆಕ್ಕ ಬರೆದಿಟ್ಟಿದ್ದೇನೆ.

ಗುಬ್ಬಿ ಪಾಸ್: ಎತ್ತರ ಇದ್ದ ಮಾತ್ರಕ್ಕೆ ಕಲೆ ಆಗುತ್ತಾ? ಕಬ್ಬನ್ ಪಾರ್ಕಿನ ತುದಿಯಲ್ಲಿರುವ ವಿಕ್ಟೋರಿಯಾ ರಾಣಿಯ ಅಮೃತಶಿಲೆ ಪ್ರತಿಮೆ ನೋಡಿ, 1906ರದ್ದು. ಸೆರಗಿನ ಮಡಿಕೆ ಒಂದೊಂದೂ ಕಾಣುತ್ತೆ.

ನಂದಿ ಕ್ರಾಸ್: ನಮ್ಮ ನಾಡಪ್ರಭುವನ್ನು ಬಿಟ್ಟು ಬ್ರಿಟಿಷ್ ರಾಣಿ ಬೇಕಾ ನಿಮಗೆ?

ಗುಬ್ಬಿ ಪಾಸ್: ಕೆತ್ತನೆ ಬಗ್ಗೆ ಹೇಳಿದೆ, ರಾಣಿ ಬಗ್ಗೆ ಅಲ್ಲ. ಹಾಗೆ ನೋಡಿದರೆ ವಿಧಾನಸೌಧದ ಎದುರಿನ ಕೆಂಪು ಹೈಕೋರ್ಟ್ ಕಟ್ಟಡ 1868ರದ್ದು. ಅದನ್ನು 80ರ ದಶಕದಲ್ಲಿ ಕೆಡವೋಕೆ ಹೊರಟಾಗ ಅಡ್ಡ ನಿಂತವರು ಕನ್ನಡದ ಜನರೇ. ಅವರಿಗೆ ಏನು ಹೇಳುತ್ತೀರಿ?

ಬಂಗಾರಪೇಟೆ ಅಕ್ಕ: ಗೋಡೆ ಚಿತ್ರ ಕೇಳಿದ್ದರಲ್ಲ, ಯಾರೂ ಬಾಯಿ ಬಿಡಲಿಲ್ಲ. ನಾನು ಬೆಂಗಳೂರಲ್ಲಿ ನೋಡಿದ ಹಂಪಿ ರಥದ ಗೋಡೆ ಚಿತ್ರದ ಮೇಲೆ ಕೋಚಿಂಗ್ ಕ್ಲಾಸಿನ ಪೋಸ್ಟರ್ ಅಂಟಿಸಿದ್ದರು. ಉಗುರಲ್ಲಿ ಕೆರೆದು ಒಂದು ಚಕ್ರದಷ್ಟು ಬಿಡಿಸಿ ಬಂದೆ.

ಶಿರಾ ಗೇಟ್: ಎಲ್ಲರಿಗೂ ಧನ್ಯವಾದ. ಅಮ್ಮನ ಮಂಡಿ?

ತುರುವೇಕೆರೆ ಕಲ್ಲು: ವಿಧಾನಸೌಧದ ಎದುರೇ ಮೆಟ್ರೋ ಇದೆ, ಲಿಫ್ಟ್ ಇದೆ. ನಾನು ಮೊದಲೇ ಹೇಳಲಿಲ್ಲವಾ?

ಗುಬ್ಬಿ ಪಾಸ್: ಎಲ್ಲಿ ಹೇಳಿದಿರಿ? 560 ಅಂತ ಮಾತ್ರ ಹೇಳಿದ್ದು.