ಎವರ್‌ಗ್ಲೇಡ್ಸ್‌ನಲ್ಲಿ ಮೂರು ರಾತ್ರಿ ಕ್ಯಾಬಿನ್ ವಾಸ: ಡಿಸೆಂಬರ್ ಒಳ್ಳೆಯದೋ, ಜೂನ್ ಒಳ್ಳೆಯದೋ?

ಪ್ರಶ್ನೆ

ಫ್ಲಾರಿಡಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಮೂರು ರಾತ್ರಿ ತಂಗಬೇಕೆಂದು ಯೋಚಿಸಿದ್ದೇವೆ. ಎಪ್ಪತ್ತು ದಾಟಿದ ನಮ್ಮ ತಾಯಿಯವರೂ ಮೂರನೆಯ ತರಗತಿಯಲ್ಲಿರುವ ಮಗಳೂ ಜೊತೆಗಿರುತ್ತಾರೆ. ತಾಯಿಯವರಿಗೆ ನೆಲದ ಮೇಲೆ ಮಲಗಿ ಏಳುವುದು ಕಷ್ಟವಾದ್ದರಿಂದ ಗುಡಾರದ ಯೋಚನೆಯನ್ನು ಬಿಟ್ಟು, ಮಂಚವಿರುವ ಕ್ಯಾಬಿನ್ ಅಥವಾ ಅದಕ್ಕೆ ಹತ್ತಿರವಾದ ವ್ಯವಸ್ಥೆಯನ್ನು ಹುಡುಕುತ್ತಿದ್ದೇವೆ. ಮಗಳಿಗೆ ಜೂನ್‌ನಲ್ಲಿ ದೀರ್ಘ ರಜೆ, ಡಿಸೆಂಬರ್ ಕೊನೆಯಲ್ಲಿ ಚಿಕ್ಕ ರಜೆ ಇರುತ್ತದೆ. ಜೂನ್‌ನಲ್ಲಿ ಜನ ಕಡಿಮೆಯೆಂದು ಕೇಳಿ ಮನಸ್ಸು ಆ ಕಡೆಗೆ ವಾಲಿದೆ. ಯಾವ ಕಾಲ ಸೂಕ್ತ, ಎಲ್ಲಿ ತಂಗಬಹುದು, ಯಾವುದಕ್ಕೆ ಸಿದ್ಧರಾಗಿ ಹೋಗಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಜೂನ್ ಬೇಡವೇ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿರುವುದು ಎರಡೇ ಕಾಲ. ಸುಮಾರು ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆಗಾಲ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣಗಾಲ. ವರ್ಷಕ್ಕೆ ಬೀಳುವ ಸುಮಾರು 1,500 ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ಮಳೆಗಾಲದಲ್ಲೇ ಸುರಿಯುತ್ತದೆ. ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಸಂಜೆಯ ಸಿಡಿಲಿನ ಮಳೆ ದಿನನಿತ್ಯದ ಮಾತಾಗುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಅವಧಿಯೂ ಹೌದು. ಜೂನ್‌ನಲ್ಲಿ ಜನ ಕಡಿಮೆ ಎಂಬುದು ನಿಜ, ಆದರೆ ಅದಕ್ಕೆ ಕಾರಣ ಸೊಳ್ಳೆ. ಉದ್ಯಾನದೊಳಗೆ ಸಮುದ್ರದಂಚಿನಲ್ಲಿರುವ ಫ್ಲಮಿಂಗೋ ಎಂಬ ಜಾಗದಲ್ಲಿ ಆ ದಿನಗಳಲ್ಲಿ ಕಾರಿನಿಂದ ಕೊಠಡಿಯ ಬಾಗಿಲವರೆಗೆ ನಡೆಯುವುದೇ ಹಿರಿಯರಿಗೂ ಮಕ್ಕಳಿಗೂ ಶಿಕ್ಷೆಯಾಗುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಎವರ್‌ಗ್ಲೇಡ್ಸ್ ಎಂದರೆ ನಿಂತ ಜೌಗಲ್ಲ, ಬಹುತೇಕ ಸಮತಟ್ಟಾದ ಸುಣ್ಣಕಲ್ಲಿನ ಹಾಸಿನ ಮೇಲೆ ದಕ್ಷಿಣಕ್ಕೆ ಅತಿ ನಿಧಾನವಾಗಿ ಹರಿಯುವ ತೆಳುವಾದ ನೀರು. ಮಳೆಗಾಲದಲ್ಲಿ ಆ ನೀರು ಎಲ್ಲೆಡೆ ಹರಡಿಕೊಂಡಿರುವುದರಿಂದ ಪ್ರಾಣಿಪಕ್ಷಿಗಳೂ ಚದುರಿಹೋಗಿರುತ್ತವೆ. ನೀರು ಇಳಿಯುತ್ತ ಬಂದಂತೆ ಅಲಿಗೇಟರ್‌ಗಳು ಮೂತಿಯಿಂದಲೂ ಕಾಲುಗಳಿಂದಲೂ ಬಾಲದಿಂದಲೂ ಕೆಸರನ್ನು ಕೆದಕಿ ತಗ್ಗುಗಳನ್ನು ಮಾಡಿಕೊಳ್ಳುತ್ತವೆ. ಸುತ್ತಲ ಹುಲ್ಲುಗಾವಲು ಒಣಗಿದರೂ ಆ ತಗ್ಗಿನಲ್ಲಿ ನೀರು ಉಳಿದು, ಮೀನುಗಳು ಅಲ್ಲಿಗೆ ಸೇರಿ, ಅವನ್ನು ಹುಡುಕಿಕೊಂಡು ಬೆಳ್ಳಕ್ಕಿ, ಕೊಕ್ಕರೆ, ಹಾವಕ್ಕಿಗಳೆಲ್ಲ ಒಂದೇ ಕಡೆ ನೆರೆಯುತ್ತವೆ. ತಾವು ನೋಡಲು ಹೋಗುತ್ತಿರುವುದು ಇದನ್ನೇ. ಇದು ಹೆಚ್ಚಾಗಿ ಕಾಣಸಿಗುವುದು ಒಣಗಾಲ ಬಲಿತ ಮೇಲೆ. ಡಿಸೆಂಬರ್ ಕೊನೆಯಲ್ಲಿ ಹವೆ ಹಿತವಾಗಿದ್ದರೂ ನೀರು ಇನ್ನೂ ಸಾಕಷ್ಟು ಇಳಿದಿರದೆ ಇರಬಹುದು, ಹಬ್ಬದ ರಜೆಯ ದಟ್ಟಣೆ ಬೇರೆ. ಆದ್ದರಿಂದ ತಾವು ಹೇಳಿದ ಎರಡನ್ನೂ ಬಿಟ್ಟು, ಮಗಳಿಗೆ ಮಾರ್ಚ್‌ನಲ್ಲಿ ವಸಂತದ ರಜೆ ಇದೆಯೇ ಎಂದು ನೋಡಿ. ಅದು ಇಲ್ಲವಾದರೆ ಮಾತ್ರ ಡಿಸೆಂಬರ್.

ಉತ್ತರ 2

ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ತಂಗುವ ವಿಷಯವನ್ನು ನಾನು ಸೇರಿಸುತ್ತೇನೆ. ಉದ್ಯಾನದ ಒಳಗೆ ಮಂಚದ ಮೇಲೆ ಮಲಗಬೇಕೆಂದರೆ ಫ್ಲಮಿಂಗೋ ಒಂದೇ ದಾರಿ. ಅಲ್ಲಿದ್ದ ಹಳೆಯ ವಸತಿಗೃಹ 2005ರ ಕತ್ರಿನಾ ಮತ್ತು ವಿಲ್ಮಾ ಚಂಡಮಾರುತಗಳಿಗೆ ಸಿಕ್ಕಿ ಹಾಳಾದ ಮೇಲೆ ಬಹಳ ವರ್ಷ ಏನೂ ಇರಲಿಲ್ಲ. 2023ರಲ್ಲಿ ಹಡಗಿನ ಸರಕು ಕಂಟೇನರ್‌ಗಳನ್ನೇ ಕೊಠಡಿಗಳನ್ನಾಗಿ ಮಾಡಿ, ನೆಲದಿಂದ ಎತ್ತರಿಸಿ ಕಟ್ಟಿದ ಹೊಸ ವಸತಿಗೃಹ ತೆರೆಯಿತು. ಮಂಚ ಹಾಕಿದ ಇಕೋ ಟೆಂಟ್‌ಗಳೂ ಅಲ್ಲಿವೆ, ಮಕ್ಕಳಿಗೆ ಅವು ಬಹಳ ಇಷ್ಟವಾಗುತ್ತವೆ. ಆದರೆ ಅವುಗಳಿಗೆ ಶೌಚಾಲಯ ಹೊರಗಿದೆ. ರಾತ್ರಿ ಎರಡು ಸಲ ಎದ್ದು ಕತ್ತಲಲ್ಲಿ ನಡೆಯುವುದು ತಮ್ಮ ತಾಯಿಯವರಿಗೆ ಕಷ್ಟವಾದೀತು. ಅದೊಂದೇ ಕಾರಣಕ್ಕೆ ವಸತಿಗೃಹದ ಕೊಠಡಿಯನ್ನೇ ಆರಿಸಿಕೊಳ್ಳಿ, ಒಣಗಾಲಕ್ಕೆ ಹಲವು ತಿಂಗಳ ಮುಂಚೆಯೇ ಕಾಯ್ದಿರಿಸಿ.

ನಕ್ಷೆ ನೋಡಿ ಮೋಸಹೋಗಬೇಡಿ. ಹೋಮ್‌ಸ್ಟೆಡ್ ಪಟ್ಟಣದ ಕಡೆಯ ದ್ವಾರ, ಶಾರ್ಕ್ ವ್ಯಾಲಿ, ಎವರ್‌ಗ್ಲೇಡ್ಸ್ ಸಿಟಿ ಈ ಮೂರೂ ಒಂದೇ ಉದ್ಯಾನದವಾದರೂ ಒಳಗಿಂದ ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ, ಹೊರಗೆ ಬಂದು ಸುತ್ತಿ ಹೋಗಬೇಕು. ಹೋಮ್‌ಸ್ಟೆಡ್ ದ್ವಾರದಿಂದ ಫ್ಲಮಿಂಗೋಗೆ 61 ಕಿಲೋಮೀಟರ್. ದಾರಿಯುದ್ದಕ್ಕೂ ಅಂಗಡಿಗಳಿಲ್ಲ, ಮೊಬೈಲ್ ಸಂಪರ್ಕವನ್ನೂ ನಂಬುವಂತಿಲ್ಲ. ಪೆಟ್ರೋಲ್, ದಿನಸಿ, ತಾಯಿಯವರ ಔಷಧಿ ಎಲ್ಲವನ್ನೂ ಹೋಮ್‌ಸ್ಟೆಡ್‌ನಲ್ಲೇ ಮುಗಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾರ್ಚ್‌ನಲ್ಲಿ ಮಗಳಿಗೆ ಒಂದು ವಾರ ರಜೆಯಿದೆ, ಆಗಲೇ ಹೊರಡುತ್ತೇವೆ. ತಾಯಿಯವರು ಹೆಚ್ಚು ದೂರ ನಡೆಯಲಾರರು. ಅವರು ಕೊಠಡಿಯಲ್ಲೇ ಕೂತು ಉಳಿದವರು ಸುತ್ತುವಂತೆ ಆಗಬಾರದು ಎಂಬುದು ನನ್ನ ಆಸೆ. ಒಣಗಾಲದಲ್ಲೂ ಸೊಳ್ಳೆಯ ಕಾಟ ಇರುತ್ತದೆಯೇ?

ಉತ್ತರ 3

ತಾಯಿಯವರನ್ನು ಕೂರಿಸಿ ಹೋಗುವ ಅಗತ್ಯವೇ ಬರುವುದಿಲ್ಲ. ಹೋಮ್‌ಸ್ಟೆಡ್ ದ್ವಾರದಿಂದ ಸ್ವಲ್ಪ ದೂರದಲ್ಲೇ ಇರುವ ರಾಯಲ್ ಪಾಮ್‌ನ ಅನ್ಹಿಂಗಾ ಹಾದಿ ಒಂದೂಕಾಲು ಕಿಲೋಮೀಟರ್‌ನಷ್ಟು ಮಾತ್ರ, ಗಾಲಿಕುರ್ಚಿಯೂ ಹೋಗಬಲ್ಲಷ್ಟು ಸಮವಾಗಿದೆ. ಅಲ್ಲಿಗೆ ಬೆಳಗ್ಗೆ ಬೇಗ ಹೋಗಿ. ಹಾವಕ್ಕಿ ನೀರೊಳಗೆ ಮುಳುಗಿ ಚೂಪು ಕೊಕ್ಕಿನಿಂದ ಮೀನನ್ನು ಚುಚ್ಚಿ ತಂದು, ಮೇಲಕ್ಕೆ ಚಿಮ್ಮಿ, ತಲೆಯ ಕಡೆಯಿಂದ ನುಂಗುವುದನ್ನೂ, ಆಮೇಲೆ ಒದ್ದೆ ರೆಕ್ಕೆಗಳನ್ನು ಅಗಲಿಸಿ ಕೊಂಬೆಯ ಮೇಲೆ ಬಿಸಿಲಿಗೆ ಕೂರುವುದನ್ನೂ ಕೈಯಳತೆಯ ದೂರದಿಂದ ನೋಡಬಹುದು. ಒಂದು ದಿನವನ್ನು ಶಾರ್ಕ್ ವ್ಯಾಲಿಗೆ ಮೀಸಲಿಡಿ: 24 ಕಿಲೋಮೀಟರ್ ಸುತ್ತಿನ ದಾರಿಯಲ್ಲಿ ಟ್ರಾಮ್ ಓಡುತ್ತದೆ, ಕುಳಿತೇ ನೋಡಬಹುದು. ಆದರೆ ಫ್ಲಮಿಂಗೋದಿಂದ ಅಲ್ಲಿಗೆ ಹೋಗಿ ಬರುವುದು ದಣಿವಿನ ಕೆಲಸ, ಆದ್ದರಿಂದ ಬರುವ ದಿನ ಅಥವಾ ಹಿಂತಿರುಗುವ ದಿನ ಇಟ್ಟುಕೊಳ್ಳುವುದು ಲೇಸು. ಫ್ಲಮಿಂಗೋದ ದೋಣಿಕಟ್ಟೆಯಲ್ಲಿ ಮಗಳಿಗೆ ಬೂದುಬಣ್ಣದ, ಕಿರಿದಾದ ಮೂತಿಯ ಮೊಸಳೆಯನ್ನು ತೋರಿಸಿ. ಕಪ್ಪು ಬಣ್ಣದ, ಅಗಲ ಮೂತಿಯ ಅಲಿಗೇಟರ್ ಮತ್ತು ಮೊಸಳೆ ಎರಡೂ ಕಾಡಿನಲ್ಲಿ ಒಟ್ಟಿಗೆ ಬಾಳುವುದು ದಕ್ಷಿಣ ಫ್ಲಾರಿಡಾದಲ್ಲಿ ಮಾತ್ರ. ದೂರ ನಿಂತೇ ನೋಡಬೇಕು. ಪ್ರಾಣಿಗಳಿಗೆ ತಿಂಡಿ ಹಾಕುವುದು ಕಾನೂನಿಗೆ ವಿರುದ್ಧ, ಮನುಷ್ಯರನ್ನು ಕಂಡರೆ ಆಹಾರವೆಂದು ಹತ್ತಿರ ಬರುವ ಅಭ್ಯಾಸ ಅವುಗಳಿಗೆ ಬಿದ್ದರೆ ಇಬ್ಬರಿಗೂ ಅಪಾಯ.

ಸೊಳ್ಳೆ ಒಣಗಾಲದಲ್ಲಿ ಬಹಳ ಕಡಿಮೆಯಾದರೂ ಪೂರ್ತಿ ಇಲ್ಲವಾಗುವುದಿಲ್ಲ. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜುಗಳೂ ಕಚ್ಚುತ್ತವೆ, ಅವು ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳಿಬಿಡುತ್ತವೆ. ತಿಳಿಬಣ್ಣದ, ಸಡಿಲವಾದ ತುಂಬುತೋಳಿನ ಬಟ್ಟೆ, ಡೀಟ್ ಅಥವಾ ಪಿಕಾರಿಡಿನ್ ಇರುವ ಸೊಳ್ಳೆ ನಿವಾರಕ ಲೇಪ ಜೊತೆಗಿರಲಿ. ಸಂಜೆ ಕೊಠಡಿಯ ಬಾಗಿಲನ್ನು ಬೇಗ ತೆಗೆದು ಬೇಗ ಮುಚ್ಚಿ. ಉತ್ತರದಿಂದ ಶೀತಗಾಳಿ ಬೀಸಿದ ರಾತ್ರಿ ಚಳಿ ಚೆನ್ನಾಗಿಯೇ ಇರುವುದರಿಂದ ತಾಯಿಯವರಿಗೆ ಒಂದು ಸ್ವೆಟರ್ ಮರೆಯಬೇಡಿ.

ರಾಯಲ್ ಪಾಮ್‌ನಲ್ಲಿ ಕಾರು ನಿಲ್ಲಿಸುವಾಗ ಇನ್ನೊಂದು ಎಚ್ಚರಿಕೆ. ಅಲ್ಲಿನ ರಣಹದ್ದುಗಳು ವೈಪರ್, ಕಿಟಕಿಯಂಚಿನ ರಬ್ಬರುಗಳನ್ನು ಕಿತ್ತುಹಾಕುತ್ತವೆ. ಕಾರಿಗೆ ಹೊದಿಸಲು ಉದ್ಯಾನದವರೇ ಅಲ್ಲಿ ಟಾರ್ಪಾಲ್ ಇಟ್ಟಿರುತ್ತಾರೆ, ಎರಡು ನಿಮಿಷ ತಗಲಿದರೂ ಹೊದಿಸಿಯೇ ಹೋಗಿ.