ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಆದವರಿಗೆ ಜಿನೀವಾ, ನ್ಯೂಯಾರ್ಕ್‌ನಲ್ಲಿ ಕೆಲಸ: ಎಲ್ಲಿಂದ ಶುರು?

ಪ್ರಶ್ನೆ: ಎಂ.ಎ. ಮುಗಿದಿದೆ, 2 ವರ್ಷ ಸಂಶೋಧನಾ ಅನುಭವ ಇದೆ. ವಿಶ್ವಸಂಸ್ಥೆಯ ಪಿ-2 (ವೃತ್ತಿಪರ ಶ್ರೇಣಿಯ ಆರಂಭಿಕ ಹಂತ) ಹುದ್ದೆಗೆ ಅರ್ಜಿ ಹಾಕಬಹುದೇ? ವೈಪಿಪಿ (ಯಂಗ್ ಪ್ರೊಫೆಷನಲ್ಸ್ ಪ್ರೋಗ್ರಾಂ, ಯುವ ವೃತ್ತಿಪರರ ನೇಮಕಾತಿ) ಪರೀಕ್ಷೆ ಸುಲಭದ ದಾರಿಯೇ?

ಉತ್ತರ 1: ಸುಲಭ ಅಲ್ಲ. ವೈಪಿಪಿಗೆ ವಯಸ್ಸು 32 ಮೀರಿರಬಾರದು. ಅದಕ್ಕಿಂತ ಮುಖ್ಯ, ಆ ವರ್ಷದ ದೇಶಗಳ ಪಟ್ಟಿಯಲ್ಲಿ ಭಾರತ ಇರಬೇಕು. ಸಿಬ್ಬಂದಿಯಲ್ಲಿ ಪ್ರಾತಿನಿಧ್ಯ ಕಡಿಮೆ ಇರುವ ದೇಶಗಳಿಗಷ್ಟೇ ಅವಕಾಶ; ಪಟ್ಟಿ ವರ್ಷವರ್ಷ ಬದಲಾಗುತ್ತದೆ. ಅದನ್ನು ನೋಡದೆ ತಿಂಗಳುಗಟ್ಟಲೆ ಓದುವುದು ನೀರಿನಲ್ಲಿ ಹೋಮ. ಪಿ-2ಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಜೊತೆ 2 ವರ್ಷ, ಅದರ ಮೇಲಿನ ಹಂತವಾದ ಪಿ-3ಕ್ಕೆ 5 ವರ್ಷ ಅನುಭವ ಕೇಳುತ್ತಾರೆ.

ಉತ್ತರ 2: ಹೆಚ್ಚಿನವರು ಎಡವುವುದು ಇನ್‌ಸ್ಪೈರಾ (ವಿಶ್ವಸಂಸ್ಥೆಯ ಆನ್‌ಲೈನ್ ನೇಮಕಾತಿ ತಾಣ) ಅರ್ಜಿಯಲ್ಲಿ. ರೆಸ್ಯೂಮೆಯನ್ನು ಹಾಗೇ ಅಂಟಿಸಬೇಡಿ. ಪ್ರತಿ ಕೆಲಸಕ್ಕೂ ಶುರು-ಕೊನೆಯ ತಿಂಗಳು ಬರೆಯಿರಿ, ಅನುಭವ ಲೆಕ್ಕ ಹಾಕುವುದು ಅದರಿಂದಲೇ. "ಸಹಾಯ ಮಾಡಿದೆ" ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ವರದಿ, ಯಾರಿಗಾಗಿ, ಅದರಿಂದ ಏನಾಯಿತು ಎಂಬುದು ಬೇಕು. ಗಡುವು ನ್ಯೂಯಾರ್ಕ್ ಸಮಯದ ರಾತ್ರಿ 11:59, ಅಂದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 9:29, ಚಳಿಗಾಲದಲ್ಲಿ 10:29. ಆದರೂ ಹಿಂದಿನ ದಿನವೇ ಕಳಿಸಿ.

ಉತ್ತರ 3: ಜಿನೀವಾ ಗುರಿಯಾದರೆ ಫ್ರೆಂಚ್ ಈಗಲೇ ಹಿಡಿಯಿರಿ, ಇಂಗ್ಲಿಷಿನ ಜೊತೆ ವಿಶ್ವಸಂಸ್ಥೆ ಸಚಿವಾಲಯದ ಕಾರ್ಯಭಾಷೆ ಅದೇ. ಜೆಪಿಒ (ಜೂನಿಯರ್ ಪ್ರೊಫೆಷನಲ್ ಆಫೀಸರ್) ಹುದ್ದೆಗಳಿಗೆ ಹಣ ಕೊಡುವ ಸರ್ಕಾರಗಳು ಬಹುಪಾಲು ತಮ್ಮ ಪ್ರಜೆಗಳನ್ನೇ ಕಳಿಸುತ್ತವೆ, ಆ ಆಸೆ ಕಡಿಮೆ ಇಟ್ಟುಕೊಳ್ಳಿ. ಯುಎನ್ ವಾಲಂಟಿಯರ್ ಹುದ್ದೆಗಳು ಇದಕ್ಕಿಂತ ಕೈಗೆಟುಕುವಂಥವು, ಜೀವನ ಭತ್ಯೆಯೂ ಇದೆ. ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ಜಿನೀವಾ ಬಾಡಿಗೆ ನೋಡಿಕೊಂಡು ಯೋಚಿಸಿ. ಮತ್ತೆ, ಯಾವ ಹಂತದಲ್ಲೂ ವಿಶ್ವಸಂಸ್ಥೆ ಶುಲ್ಕ ಕೇಳುವುದಿಲ್ಲ. ಕೇಳಿದರೆ ಅದು ಮೋಸವೇ.