ಪ್ರಶ್ನೋತ್ತರ: ಶಾಲೆ ಕೆಲಸಕ್ಕೆ ಹೋದ ತಂದೆ-ತಾಯಿಗೆ ಪೆಟ್ಟಾದರೆ ವಿಮೆ ಸಿಗುತ್ತಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಪೋಷಕರ ಗುಂಪಿನ ಒಬ್ಬ ತಾಯಿಗೆ ಶಾಲೆಯ ವಾರ್ಷಿಕೋತ್ಸವದ ಅಡುಗೆ ಮಾಡುವಾಗ ಬಿಸಿ ಸಾರು ಬಿದ್ದು ಕಾಲು ಸುಟ್ಟಿದೆ. ಖರ್ಚು ಯಾರು ಕೊಡಬೇಕು ಅನ್ನೋ ಚರ್ಚೆ ಮೂರು ದಿನದಿಂದ ನಡೀತಿದೆ. ಅದಕ್ಕೇ ಇವತ್ತು ಸಾಮಾನ್ಯ ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತರಾದ ಸರ್ ಅವರನ್ನು ಕರೆದಿದ್ದೇವೆ. ಒಬ್ಬರು ಒಂದೇ ಪ್ರಶ್ನೆ ಕೇಳಿ.

ನಾಲ್ಕನೇ ತರಗತಿ ತಾಯಿ: ಸರ್, ಸಾರು ಬಿದ್ದಿದ್ದು ನನಗೇ. 11 ದಿನ ಖಾಸಗಿ ಆಸ್ಪತ್ರೆಯಲ್ಲಿದ್ದೆ. 64 ಸಾವಿರ ಆಯ್ತು. ನಮ್ಮ ಪಾಲಿಸಿ ಮಕ್ಕಳಿಗೆ ಮಾತ್ರ ಅಂತಾರೆ ಶಾಲೆಯವರು. ಗ್ಯಾಸ್ ಸಿಲಿಂಡರ್‌ಗೆ 50 ಲಕ್ಷ ವಿಮೆ ಇದೆ ಅಂತ ಒಂದು ಮೆಸೇಜ್ ಬಂದಿದೆ. ಅದು ಸಿಗುತ್ತಾ? ಇನ್ನೊಂದು ವಿಷಯ. ಆಸ್ಪತ್ರೆಗೆ ಸೇರುವಾಗ "ಮನೆಯಲ್ಲಿ ಆಯ್ತು ಅಂತ ಬರೆಸಿ, ಇಲ್ಲಾಂದ್ರೆ ಪೊಲೀಸ್ ಕೇಸ್ ಆಗುತ್ತೆ" ಅಂತ ಜೊತೆಗಿದ್ದವರು ಹೇಳಿದರು. ಹಾಗೇ ಬರೆಸಿದೆ.

ಸರ್: ಅಮ್ಮ, ಮೊದಲು ಕಾಲು ವಾಸಿ ಆಗಲಿ. ಡ್ರೆಸ್ಸಿಂಗ್ ತಪ್ಪಿಸಬೇಡಿ.

ಗ್ಯಾಸ್ ವಿಷಯ ಬಿಟ್ಟುಬಿಡಿ. ತೈಲ ಕಂಪನಿಗಳು ಮಾಡಿಸಿರುವ ವಿಮೆ ನಿಜ. ಆದರೆ ಸಾವಿಗೆ ಒಬ್ಬರಿಗೆ 6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ ಹೆಚ್ಚೆಂದರೆ 2 ಲಕ್ಷ. ಅದೂ ಅಪಘಾತಕ್ಕೆ ಗ್ಯಾಸೇ ಮೂಲ ಕಾರಣ ಆಗಿದ್ದರೆ. ಸಿಲಿಂಡರ್ ಸೋರಿಲ್ಲ, ಬೆಂಕಿ ಹತ್ತಿಲ್ಲ. ಕೊಳಗ ಜಾರಿದೆ. ಅದು ಈ ವಿಮೆಗೆ ಬರುವುದಿಲ್ಲ.

ನನಗೆ ಚಿಂತೆ ಆಗಿರುವುದು "ಮನೆಯಲ್ಲಿ ಆಯ್ತು" ಅನ್ನೋ ಆ ಒಂದು ಸಾಲು. ಶಾಲೆಗೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಇದ್ದರೆ, ಅವರ ನಿರ್ಲಕ್ಷ್ಯದಿಂದ ಹೊರಗಿನವರಿಗೆ ಆದ ಪೆಟ್ಟಿಗೆ ಅದರಲ್ಲಿ ಪರಿಹಾರ ಕೇಳಬಹುದು. ಕೊಳಗ ಎತ್ತಲು ಸರಿಯಾದ ಹಿಡಿಕೆ ಇತ್ತಾ? ಎಷ್ಟು ಜನ ಎತ್ತಿದಿರಿ? ನೆಲ ಒದ್ದೆ ಇತ್ತಾ? ಇದನ್ನೆಲ್ಲ ಅವರು ನೋಡುತ್ತಾರೆ. ಆದರೆ ನಿಮ್ಮ ಡಿಸ್ಚಾರ್ಜ್ ಕಾಗದವೇ "ಮನೆ" ಅಂತ ಹೇಳಿದರೆ ಬಾಗಿಲು ಅಲ್ಲೇ ಮುಚ್ಚುತ್ತೆ. ಸೇರಿಸಿಕೊಂಡ ವೈದ್ಯರಿಗೆ ಇವತ್ತೇ ಒಂದು ಪತ್ರ ಬರೆಯಿರಿ. ಎಲ್ಲಿ, ಹೇಗೆ ಆಯ್ತು ಅಂತ ಇದ್ದದ್ದು ಇದ್ದ ಹಾಗೆ ಬರೆದು, ದಾಖಲೆಯಲ್ಲಿ ಸೇರಿಸಿ ಅಂತ ಕೇಳಿ. ನೀವೇ ಪೆನ್ನಿನಿಂದ ತಿದ್ದಬೇಡಿ. ತಿದ್ದಿದ ಕಾಗದ ನೋಡಿದ ತಕ್ಷಣ ಕ್ಲೇಮ್ ಪಕ್ಕಕ್ಕೆ ಹೋಗುತ್ತೆ, ನಾನೇ ಎಷ್ಟೋ ಸಲ ಪಕ್ಕಕ್ಕೆ ಇಟ್ಟಿದ್ದೇನೆ. ಅವತ್ತು ಜೊತೆಗಿದ್ದ ಇಬ್ಬರ ಹೇಳಿಕೆ ಬರೆಸಿ, ತಾರೀಖು ಹಾಕಿ ಸಹಿ ಮಾಡಿಸಿ. ಅಡುಗೆಗೆ ಬನ್ನಿ ಅಂತ ಶಾಲೆ ಕಳಿಸಿದ ಮೆಸೇಜ್ ಇದ್ದರೆ ಅಳಿಸಬೇಡಿ.

ಯಜಮಾನರು ಎಲ್ಲಿ ಕೆಲಸ ಮಾಡುತ್ತಾರೆ?

ನಾಲ್ಕನೇ ತರಗತಿ ತಾಯಿ: ಗಾರ್ಮೆಂಟ್ಸ್‌ನಲ್ಲಿ ಸರ್. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗುತ್ತೆ.

ಸರ್: ಇದನ್ನು ಮೊದಲೇ ಹೇಳಬೇಕಿತ್ತಲ್ವಾ ಅಮ್ಮ! ಇಎಸ್‌ಐ ಇದ್ದವರ ಹೆಂಡತಿಗೂ ಚಿಕಿತ್ಸೆ ಇದೆ. ಪೆಟ್ಟು ಎಲ್ಲಿ ಆಯ್ತು ಅನ್ನೋದು ಅಲ್ಲಿ ಮುಖ್ಯ ಅಲ್ಲ. ತುರ್ತಾಗಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾಯ್ತು ಅಂತ ವೈದ್ಯರಿಂದ ಪ್ರಮಾಣಪತ್ರ ತನ್ನಿ. ಮೂಲ ಬಿಲ್ಲುಗಳ ಜೊತೆ ನಿಮ್ಮ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಮರುಪಾವತಿಗೆ ಅರ್ಜಿ ಕೊಡಿ. ಅವರ ದರದ ಪ್ರಕಾರ ಕೊಡುತ್ತಾರೆ, ಪೂರ್ತಿ 64 ಸಾವಿರ ಬರಲಿಕ್ಕಿಲ್ಲ. ಆದರೂ ಬಿಡಬೇಡಿ.

ಎರಡನೇ ತರಗತಿ ತಂದೆ: ಸರ್, ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುತ್ತಲ್ಲ, ಪ್ರಧಾನ ಮಂತ್ರಿ ಸುರಕ್ಷಾ ಬಿಮಾ. ಅದು ಸಾಕಾ?

ಸರ್: ಅದು ಅಪಘಾತದ ಸಾವಿಗೆ ಮತ್ತು ಶಾಶ್ವತ ಅಂಗವಿಕಲತೆಗೆ. ಸಾವಿಗೆ 2 ಲಕ್ಷ. ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದರೂ 2 ಲಕ್ಷ, ಒಂದು ಹೋದರೆ 1 ಲಕ್ಷ. ಆಸ್ಪತ್ರೆ ಬಿಲ್ಲಿಗೆ ಒಂದು ರೂಪಾಯಿ ಇಲ್ಲ. 18ರಿಂದ 70 ವರ್ಷದವರು ಎಲ್ಲರೂ ಮಾಡಿಸಿ. ಜೂನ್ 1ರಿಂದ ಮೇ 31 ಅದರ ವರ್ಷ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡು ಇಲ್ಲದೆ ಕಟ್ ಆಗದಿದ್ದರೆ ವಿಮೆ ನಿಂತುಹೋಗುತ್ತೆ.

ಹೆಸರು ಬೇಡ ಎಂದ ಸದಸ್ಯ: "ಐಟಿ ರಿಟರ್ನ್ ಹಾಕಿದವರು ಅಪಘಾತದಲ್ಲಿ ಸತ್ತರೆ ಸರ್ಕಾರ ಅವರ ಆದಾಯದ 10 ಪಟ್ಟು ಕೊಡಲೇಬೇಕು. ಎಲ್ಲರಿಗೂ ಕಳಿಸಿ." ಇದು ನಿಜಾನಾ ಸರ್?

ಸರ್: ಸುಳ್ಳು. ಸರ್ಕಾರ ಹಾಗೆ ಕೊಡುವ ಕಾನೂನು ಇಲ್ಲ. ರಸ್ತೆ ಅಪಘಾತದಲ್ಲಿ ಪರಿಹಾರ ಲೆಕ್ಕ ಹಾಕಲು ನ್ಯಾಯಮಂಡಳಿ ಆದಾಯ ನೋಡುತ್ತೆ, ಅದಕ್ಕೆ ರಿಟರ್ನ್ ಪುರಾವೆ ಆಗುತ್ತೆ, ಅಷ್ಟೇ. ಕಟ್ಟುವುದು ಗಾಡಿಯ ವಿಮಾ ಕಂಪನಿ ಅಥವಾ ಮಾಲೀಕ. ದಯವಿಟ್ಟು ಇಂಥವನ್ನು ಮುಂದಕ್ಕೆ ಕಳಿಸಬೇಡಿ. ಇದನ್ನು ನಂಬಿ ಆರು ತಿಂಗಳು ಕಾದು, ನ್ಯಾಯಮಂಡಳಿಗೆ ಅರ್ಜಿ ಹಾಕುವ ಗಡುವನ್ನೇ ಕಳೆದುಕೊಂಡ ಮನೆಯವರು ನನ್ನ ಮುಂದೆ ಕೂತು ಅತ್ತಿದ್ದಾರೆ.

ಏಳನೇ ತರಗತಿ ತಂದೆ: ನಮ್ಮ ಸರ್ಕಾರಿ ಶಾಲೆಯಲ್ಲಿ ಶ್ರಮದಾನಕ್ಕೆ ಹಂಚು ಕೈಯಾಡಿಸಲು ಹತ್ತಿದೆ. ಬಿದ್ದು ಮುಂಗೈ ಮುರೀತು. ನಾಟಿ ಕಟ್ಟು ಹಾಕಿಸಿಕೊಂಡೆ. 20 ದಿನ ಕೂಲಿ ಹೋಯ್ತು.

ಸರ್: ಎಕ್ಸ್‌ರೇ ಇದೆಯಾ?

ಏಳನೇ ತರಗತಿ ತಂದೆ: ಇಲ್ಲ.

ಸರ್: ಹಾಗಾದರೆ ಮೂಳೆ ಮುರಿದಿದೆ ಅನ್ನೋದಕ್ಕೆ ಕಾಗದ ಇಲ್ಲ. ನಾಳೆಯೇ ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹೋದ ಕೂಲಿಗೆ ಅದರಲ್ಲಿ ಏನೂ ಇಲ್ಲ. ಕೆಲಸ ಮಾಡಲಾಗದ ವಾರಗಳಿಗೆ ದುಡ್ಡು ಕೊಡುವುದು ವೈಯಕ್ತಿಕ ಅಪಘಾತ ವಿಮೆ, ಅದೂ ತಾತ್ಕಾಲಿಕ ಅಸಮರ್ಥತೆ ಅನ್ನೋ ಭಾಗ ಸೇರಿಸಿದ್ದರೆ.

ಹಿರಿಯ ಸದಸ್ಯ: ನಾಟಿ ಕಟ್ಟಿನ ಬಗ್ಗೆ ಹಗುರವಾಗಿ ಮಾತಾಡಬೇಡಿ. ನಮ್ಮ ತಾತನ ಕಾಲದಿಂದ ಅದರಲ್ಲೇ ವಾಸಿಯಾಗಿದೆ.

ನರ್ಸ್ ಆಗಿರುವ ಸದಸ್ಯೆ: ವಾಸಿ ಆಗಿದ್ದು ನಿಮಗೆ ಕಾಣುತ್ತೆ ಅಣ್ಣಾ. ಬಿಗಿಯಾಗಿ ಕಟ್ಟಿ ಬೆರಳು ಕಪ್ಪಾಗಿ ಬಂದವರು ನಮಗೆ ಕಾಣುತ್ತಾರೆ.

ಹಿರಿಯ ಸದಸ್ಯ: ಆಸ್ಪತ್ರೆಯವರು ಸುಮ್ನೆ ರಾಡ್ ಹಾಕಿ ದುಡ್ಡು ಕೀಳೋದು ಗೊತ್ತಿಲ್ವಾ?

ಒಂದನೇ ತರಗತಿ ತಾಯಿ: ಹಂಚು ಹಾಕುವ ಕೆಲಸ ಪೋಷಕರಿಗೆ ಯಾಕೆ ಅಂತ ಯಾರೂ ಕೇಳ್ತಿಲ್ಲವಲ್ಲ!

ಶಿಕ್ಷಕ ಸದಸ್ಯ: ಮಳೆಗೆ ಮೊದಲು ಅನುದಾನ ಬಂದಿದ್ದರೆ ನಾವು ಯಾರನ್ನೂ ಕರೆಯುತ್ತಿರಲಿಲ್ಲ ಮೇಡಂ. ಸೋರುವ ಕೋಣೆಯಲ್ಲಿ ಕೂರುವುದು ನಿಮ್ಮ ಮಕ್ಕಳೇ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಮೂರನೇ ತರಗತಿ ತಾಯಿ: ಸರ್, 20 ರೂಪಾಯಿ ವಿಮೆಯಲ್ಲಿ ಆಸ್ಪತ್ರೆ ಖರ್ಚು ಬರುತ್ತಾ?

ಸರ್: ಇಲ್ಲ. ಮೇಲೆ ಬರೆದಿದ್ದೇನೆ.

ಹೊಸ ಸದಸ್ಯ: ಸರ್, ನಮ್ಮ ಹಸುವಿಗೆ ವಿಮೆಯವರು ಹಾಕಿದ್ದ ಕಿವಿ ಓಲೆ ಬಿದ್ದುಹೋಗಿದೆ. ವಿಮೆ ಏನಾಗುತ್ತೆ?

ಆರನೇ ತರಗತಿ ತಂದೆ: ಸಣ್ಣ ಪ್ರಶ್ನೆ ಸರ್. ಶನಿವಾರ ತಾಲ್ಲೂಕು ಕ್ರೀಡಾಕೂಟಕ್ಕೆ 22 ಮಕ್ಕಳು, ಮೂವರು ತಾಯಂದಿರನ್ನು ನನ್ನ ಗೂಡ್ಸ್ ಗಾಡಿಯಲ್ಲೇ ಕರ್ಕೊಂಡು ಹೋಗ್ತಿದ್ದೇನೆ. 14 ಕಿಲೋಮೀಟರ್, ಬಿಟ್ಟಿ ಸೇವೆ. ಗಾಡಿಗೆ ಇನ್ಶೂರೆನ್ಸ್ ಇದೆ. ಏನೂ ತೊಂದರೆ ಇಲ್ಲ ಅಲ್ವಾ?

ಸರ್: ಇದು ಸಣ್ಣ ಪ್ರಶ್ನೆ ಅಲ್ಲ. ಇವತ್ತಿನ ಎಲ್ಲ ಪ್ರಶ್ನೆಗಿಂತ ದೊಡ್ಡದು. ದಯವಿಟ್ಟು ಹೋಗಬೇಡಿ.

ಗೂಡ್ಸ್ ಗಾಡಿಯ ವಿಮೆಯಲ್ಲಿ ಚಾಲಕನಿಗೆ ಜಾಗ ಇದೆ. ಸರಕಿನ ಜೊತೆ ಹೋಗುವ ಸರಕಿನ ಮಾಲೀಕ ಅಥವಾ ಅವನ ಕಡೆಯವನಿಗೆ ಜಾಗ ಇದೆ. ಹಿಂದೆ ನಿಂತ ಮಕ್ಕಳಿಗೆ, ತಾಯಂದಿರಿಗೆ ಇಲ್ಲ. ಸುಮ್ನೆ ಹತ್ತಿದ ಪ್ರಯಾಣಿಕರ ಹೊಣೆ ವಿಮಾ ಕಂಪನಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ನ್ಯಾಯಮಂಡಳಿ ಪರಿಹಾರ ಬರೆದಾಗ ಅದನ್ನು ಕಟ್ಟಬೇಕಾದವರು ನೀವು. ಕೆಲವು ಸಲ ಕಂಪನಿಗೇ ಮೊದಲು ಕಟ್ಟಲು ಹೇಳುತ್ತಾರೆ. ಆಮೇಲೆ ಕಂಪನಿ ನಿಮ್ಮಿಂದ ವಸೂಲಿ ಮಾಡುತ್ತೆ. ನಿಮ್ಮ ಗಾಡಿ, ಜಮೀನು, ಮನೆ ಎಲ್ಲಾ ಅದಕ್ಕೆ ಒಡ್ಡಿದ ಹಾಗೆ. ಒಳ್ಳೇ ಮನಸ್ಸಿನಿಂದ ಹೊರಟಿದ್ದೀರಿ, ಅದು ನನಗೆ ಗೊತ್ತು. ಇಂಥ ಫೈಲುಗಳಲ್ಲಿ ಮಾಲೀಕರು ಬಹಳಷ್ಟು ಒಳ್ಳೆಯವರೇ. ಪಕ್ಕದ ಮನೆಯವರ ಮಗುವಿಗೆ ಪೆಟ್ಟಾಗಿ, ಎರಡು ಮನೆಯವರೂ ಕೋರ್ಟಿನಲ್ಲಿ ಎದುರುಬದುರು ನಿಂತಿದ್ದನ್ನು ನೋಡಿದ್ದೇನೆ.

ವಿಮೆ ಮಾತು ಹಾಗಿರಲಿ. ತಿರುವಿನಲ್ಲಿ 22 ಮಕ್ಕಳು ಒಂದೇ ಕಡೆ ವಾಲಿದರೆ ಗಾಡಿ ಮಗುಚುತ್ತೆ. ಹಿಡಿಯಲು ಕಂಬಿ ಇಲ್ಲ, ಸೀಟಿಲ್ಲ. ದುಡ್ಡು ಬಂದರೂ ಏನು ಮಾಡುತ್ತೀರಿ?

ಆರನೇ ತರಗತಿ ತಂದೆ: ಬಸ್ ಬಾಡಿಗೆಗೆ ಶಾಲೆ ಹತ್ತಿರ ದುಡ್ಡಿಲ್ಲ. ಇಲ್ಲಿ ಹೇಳೋದು ಸುಲಭ ಸರ್.

ಹಿರಿಯ ಸದಸ್ಯ: ನಾವೆಲ್ಲ ಲಾರಿಯಲ್ಲೇ ಜಾತ್ರೆಗೆ ಹೋದವರು. ಏನೂ ಆಗಿಲ್ಲ.

ಸರ್: ಆದವರು ಈ ಗುಂಪಿನಲ್ಲಿ ಬಂದು ಬರೆಯುವುದಿಲ್ಲ ಸ್ವಾಮಿ.

ಐದನೇ ತರಗತಿ ತಾಯಿ: ಕೆಎಸ್‌ಆರ್‌ಟಿಸಿ ಬಸ್ ಇದೆಯಲ್ಲ? ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ, ನಮಗೆ ಟಿಕೆಟ್ ಇಲ್ಲ. ಹುಡುಗರಿಗೆ ಮಾತ್ರ ದುಡ್ಡು ಸೇರಿಸಿದರೆ ಆಯ್ತು. ಆಧಾರ್ ಕಾರ್ಡ್ ತರಲಿ.

ಸರ್: ಇದು ಸರಿ. ಹಾಗೇ ಮಾಡಿ.

ಎಂಟನೇ ತರಗತಿ ತಂದೆ: ನನ್ನ ಕಾರಲ್ಲಿ ಐದು ಮಕ್ಕಳು ಬರಬಹುದು. ಕಾರಿಗೆ ಥರ್ಡ್ ಪಾರ್ಟಿ ಇದೆ.

ಸರ್: ಬರೀ ಥರ್ಡ್ ಪಾರ್ಟಿ ಆದರೆ ಒಳಗೆ ಕೂತವರಿಗೆ ಆಗೋದಿಲ್ಲ. ಪ್ಯಾಕೇಜ್ ಪಾಲಿಸಿ, ಅಂದರೆ ಪೂರ್ಣ ವಿಮೆ ಬೇಕು. ಸೀಟು ಎಷ್ಟಿದೆಯೋ ಅಷ್ಟೇ ಜನ. ತಲೆಗೆ ಇಷ್ಟು ಅಂತ ದುಡ್ಡು ವಸೂಲಿ ಮಾಡಬೇಡಿ, ಅದು ಬಾಡಿಗೆ ಅನ್ನಿಸಿಕೊಳ್ಳುತ್ತೆ.

ಶಿಕ್ಷಕ ಸದಸ್ಯ: ಪೋಷಕರನ್ನು ಶಾಲೆಯ ಪಾಲಿಸಿಗೆ ಸೇರಿಸಲು ಆಗುತ್ತಾ ಸರ್?

ಸರ್: ಗುಂಪು ಅಪಘಾತ ವಿಮೆ ಇದ್ದರೆ ಕಂಪನಿಯನ್ನು ಲಿಖಿತವಾಗಿ ಕೇಳಿ. ಹೆಸರು, ದಿನ, ಕೆಲಸದ ಪಟ್ಟಿ ಕೊಟ್ಟು, ಪ್ರೀಮಿಯಂ ಕಟ್ಟಿ, ಅವರನ್ನು ಸೇರಿಸಿದ್ದೇವೆ ಅನ್ನೋ ಕಂಪನಿಯ ಪತ್ರ (ಎಂಡಾರ್ಸ್‌ಮೆಂಟ್) ಕೈಗೆ ಬಂದ ಮೇಲೆ ಕೆಲಸಕ್ಕೆ ಕರೆಯಿರಿ. ಏಜೆಂಟ್ "ಆಗುತ್ತೆ ಬಿಡಿ" ಅಂದ ಮಾತು ನಡೆಯೋದಿಲ್ಲ. ಒಂದು ಹಾಜರಿ ಪುಸ್ತಕವೂ ಇಡಿ.

ಹೊಸ ಸದಸ್ಯ: ಹಸುವಿನ ವಿಷಯ ಯಾರೂ ಹೇಳಲಿಲ್ಲ.

ಇನ್ನೊಬ್ಬ ಸದಸ್ಯೆ: ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿದರೆ ಬೊಬ್ಬೆ ಬರಲ್ಲ, ಆಸ್ಪತ್ರೆ ಖರ್ಚೂ ಉಳಿಯುತ್ತೆ ಅಂತ ವಿಡಿಯೋ ಬಂದಿದೆ, ಹಾಕ್ತಿದ್ದೇನೆ.

ನರ್ಸ್ ಆಗಿರುವ ಸದಸ್ಯೆ: ಹಾಕಬೇಡಿ! ತಣ್ಣೀರು ಹರಿಯಲು ಬಿಡಬೇಕು, 20 ನಿಮಿಷ. ಪೇಸ್ಟ್, ಇಂಕು ಏನೂ ಬೇಡ.

ಸರ್: ಅಡ್ಮಿನ್, ಆ ವಿಡಿಯೋ ತೆಗೆದುಹಾಕಿ.

ಒಂಬತ್ತನೇ ತರಗತಿ ತಂದೆ: ಸರ್, ಬ್ಯಾಂಕಿನ 20 ರೂಪಾಯಿ...

ಸರ್: ಮೇಲೆ ಓದಿ.

ಆರನೇ ತರಗತಿ ತಂದೆ: ಬಸ್ಸಿಗೇ ಹೋಗ್ತೀವಿ. 9 ಹುಡುಗರ ಟಿಕೆಟ್ ನಾನು ಹಾಕ್ತೀನಿ. ಬೇಜಾರಲ್ಲಿ ಮಾತಾಡಿದೆ ಸರ್.

ಸರ್: ಒಳ್ಳೆಯದಾಯ್ತು ತಮ್ಮ. ಮ್ಯಾಟು, ನೀರಿನ ಕ್ಯಾನು ನಿಮ್ಮ ಗಾಡಿಯಲ್ಲಿ ಬರಲಿ.

ನಾಲ್ಕನೇ ತರಗತಿ ತಾಯಿ: ಸರ್, ಆಸ್ಪತ್ರೆಗೆ ಫೋನ್ ಮಾಡಿದೆ. ಪತ್ರ ಕೊಡಿ, ಡಾಕ್ಟರ್ ನೋಡ್ತಾರೆ ಅಂದರು. ಶಾಲೆಯವರಿಗೆ ಬೇಜಾರಾಗುತ್ತೇನೋ ಅಂತ ಭಯ. ಮಗಳು ಅಲ್ಲೇ ಓದಬೇಕಲ್ಲ.

ಸರ್: ನೀವು ಯಾರನ್ನೂ ದೂರುತ್ತಿಲ್ಲ ಅಮ್ಮ. ನಡೆದದ್ದನ್ನು ಬರೆಯುತ್ತಿದ್ದೀರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸೀಲ್ ಹಾಕಿಸಿ ತನ್ನಿ. ಬರೆಯುವ ಮೊದಲು ನನಗೆ ಫೋನ್ ಮಾಡಿ, ಒಟ್ಟಿಗೆ ಬರೆಯೋಣ.